ಏಡಿ ತಿನ್ನದ ಎಲೆ

ಉಪ್ಪುನೀರಿನ ಕೆಸರಿನಲ್ಲಿ ನೆಟ್ಟ ಕಾಂಡ್ಲಾ ಗಿಡಗಳ ತಲೆ, ಹೊಳೆ ದಾಟಿಸುವ ತಾರಿದೋಣಿಯ ಮಾಡನ್ನು ಮೀರಿದ ವರ್ಷ ಹೊಸಕುರ್ವೆಯ ಜನ ಮನೆ ಬಾಗಿಲಿಗೆ ಬಣ್ಣ ಬಳಿದರು. ಅದಕ್ಕೆ ಮೊದಲು ಯಾರೂ ಬಳಿದಿರಲಿಲ್ಲ. ಮುಂದಿನ ಮಳೆಗಾಲ ದಾಟುತ್ತದೋ ಇಲ್ಲವೋ ಗೊತ್ತಿಲ್ಲದ ಬಾಗಿಲಿಗೆ ಬಣ್ಣ ಎಂತಕ್ಕೆ ಎಂದು ಸುಮ್ಮನಿದ್ದರು.

ನದಿ ಕಡಲನ್ನು ಸೇರುವ ಅಳಿವೆಯಲ್ಲಿ, ಎರಡು ಕವಲುಗಳ ನಡುವೆ ಹರಡಿದ ನಡುಗಡ್ಡೆ ಅದು. ಕಡಲು ಅಜ್ಜಂದಿರ ಕಾಲಕ್ಕಿಂತ ಮೊಣಕಾಲೆತ್ತರ ಮೇಲೇರಿತ್ತು. ಕೆಲವು ವರ್ಷಗಳ ಹಿಂದೆ ಒಂದು ಕಾರ್ತಿಕದಲ್ಲಿ ಚಂಡಮಾರುತದ ಬೆನ್ನಿಗೆ ನುಗ್ಗಿದ ನೀರು ಪಡುವಣ ಅಂಚಿನ ಮನೆಗಳನ್ನೆಲ್ಲ ಎಳೆದುಕೊಂಡು ಹೋಯಿತು. ಕುರ್ವೆಯವರು ಅದನ್ನು 'ದೊಡ್ಡ ನೀರು' ಎಂದೇ ಕರೆಯುತ್ತಾರೆ. ಹಿಂದೆ ಅಲ್ಲಿ ಕಾಂಡ್ಲಾ ಕಾಡಿತ್ತಂತೆ. ಸಿಗಡಿ ಕೆರೆ ಮಾಡುವುದಕ್ಕೆಂದು ಯಾವಾಗಲೋ ಅದನ್ನು ಕಡಿದು ಮುಗಿಸಿದ್ದರು. ಬಂದ ನೀರಿಗೆ ಅಡ್ಡ ನಿಲ್ಲಲು ಏನೂ ಉಳಿದಿರಲಿಲ್ಲ.

ಆ ಕಾಡನ್ನು ಮತ್ತೆ ಎಬ್ಬಿಸಲು ಬಂದವರಲ್ಲಿ ಸುಲಕ್ಷಣಾ ಒಬ್ಬಳು. ಹೊಳೆಯಾಚೆ ಗುಡ್ಡದ ಮೇಲಿದ್ದ ಅಳಿವೆ ಸಂಶೋಧನಾ ಕೇಂದ್ರದಲ್ಲಿ ಅವಳಿಗೆ ಕೆಲಸ. ದಿನವೂ ತಾರಿಯಲ್ಲಿ ಓಡಾಡುತ್ತ, ತಾರಿ ನಡೆಸುವ ದೇವಿದಾಸನ ಪರಿಚಯವಾಗಿ, ಮರುವರ್ಷ ಅವನನ್ನೇ ಮದುವೆಯಾಗಿ ಕುರ್ವೆಯ ಸೊಸೆಯಾದಳು. ಅತ್ತೆಯ ಮುಖವನ್ನು ಅವಳು ಫೋಟೋದಲ್ಲಿ ಮಾತ್ರ ಕಂಡಿದ್ದಳು. ದೇವಿದಾಸನ ತಾಯಿ ದೊಡ್ಡ ನೀರಿನಲ್ಲಿ ಹೋದವರು.

ಕಾಂಡ್ಲಾ ಕಾಡು ತನ್ನ ಪಾಡಿಗೆ ಬೆಳೆದು ಅಲೆ ತಡೆಯುವಷ್ಟಾಗಲು ಒಂದು ತಲೆಮಾರು ಬೇಕು. ಕಡಲು ಅಷ್ಟು ಕಾಯುವಂತಿರಲಿಲ್ಲ. ಅದಕ್ಕಾಗಿ ಕೇಂದ್ರದವರು ಒಂದು ಲೇಪವನ್ನು ಕಂಡುಹಿಡಿದಿದ್ದರು. ನೆಡುವ ಮೊದಲು ಕಾಂಡ್ಲಾದ ಕೋಡುಗಳನ್ನು, ಅಂದರೆ ಮರದಲ್ಲೇ ಮೊಳೆತ ಉದ್ದನೆಯ ಬೀಜಗಳನ್ನು, ಅದರಲ್ಲಿ ಅದ್ದಿದರೆ, ಲೇಪದಲ್ಲಿದ್ದ ಜೀವಾಣುಗಳು ಬೇರಿನೊಳಗೆ ಮನೆ ಮಾಡಿ ಕೆಸರಿನ ಸಾರವನ್ನೆಲ್ಲ ಗಿಡಕ್ಕೆ ಉಣಿಸುತ್ತಿದ್ದವು. ಅವು ಎಚ್ಚರವಾಗಿರಬೇಕಾದರೆ ಕೆಸರಿನಲ್ಲಿ ಹುಗಿದ ತಂತಿಗಳ ಮೂಲಕ ಬಹಳ ಸಣ್ಣ ವಿದ್ಯುತ್ ಮಿಡಿತ ಸದಾ ಹರಿಯುತ್ತಿರಬೇಕು. ಮಿಡಿತ ಇರುವವರೆಗೆ ಗಿಡ ವರ್ಷಕ್ಕೆ ಹತ್ತು ವರ್ಷದ ಬೆಳವಣಿಗೆ ಬೆಳೆಯುತ್ತದೆ. ಕೆಲವು ವಾರ ನಿಲ್ಲಿಸಿದರೆ ಜೀವಾಣುಗಳು ಸಾಯುತ್ತವೆ. ಆಮೇಲೆ ಎಷ್ಟು ಮಿಡಿತ ಕೊಟ್ಟರೂ ಅವು ಏಳುವುದಿಲ್ಲ. ಆ ಮಿಡಿತವನ್ನು ನೋಡಿಕೊಳ್ಳುವ ನಿಯಂತ್ರಣ ಕೋಣೆ ಸುಲಕ್ಷಣಾಳ ವಶದಲ್ಲಿತ್ತು. ಗಾಜಿನ ಕಿಟಕಿಯಿಂದ ಕೆಳಗೆ ನೋಡಿದರೆ ಕುರ್ವೆಯ ಪಡುವಣ ಅಂಚಿಗೆ ಯಾರೋ ದಪ್ಪ ಹಸಿರು ಅಂಚು ಹೊಲಿದಂತೆ ಕಾಡು ನಿಂತಿರುವುದು ಕಾಣುತ್ತಿತ್ತು.

ಅವಳಿಗೆ ಮೊದಲ ಅನುಮಾನ ಬಂದದ್ದು ಊಟಕ್ಕೆ ಕೂತಾಗ.

ದೇವಿದಾಸನ ಅಕ್ಕ ಹೊನ್ನಮ್ಮ ಗಂಡ ತೀರಿದ ಮೇಲೆ ತಮ್ಮನ ಮನೆಯಲ್ಲೇ ಇದ್ದಳು. ಇಳಿತದ ಹೊತ್ತಿನಲ್ಲಿ ಹೊಳೆಗಿಳಿದು ಬೆಳಚು ಹೆಕ್ಕುವುದು, ಅಂದರೆ ಕೆಸರಿನಲ್ಲಿ ಅಡಗಿರುವ ಚಿಪ್ಪುಗಳನ್ನು ಆರಿಸುವುದು, ಅವಳ ಕಸುಬು. ಕುರ್ವೆಯ ಹೆಂಗಸರಲ್ಲಿ ಮುಕ್ಕಾಲು ಪಾಲಿನವರಿಗೆ ಅದೇ ಕಸುಬು. ಆ ಮಧ್ಯಾಹ್ನ ಅವಳು ಬಡಿಸಿದ ಬೆಳಚಿನ ಸುಕ್ಕದಲ್ಲಿ ತೆಂಗಿನತುರಿಯೇ ಹೆಚ್ಚಿತ್ತು. ಸುಲಕ್ಷಣಾ ಒಂದು ಚಿಪ್ಪನ್ನು ಬಿಡಿಸಿ ನೋಡಿದಳು. ಒಳಗಿನ ಮಾಂಸ ಉಗುರಿನಷ್ಟು ತೆಳ್ಳಗಿತ್ತು.

"ಅತ್ಗೆ, ಇದು ಎಳೇದನಾ?"

"ಎಳೇದಲ್ಲ ತಂಗಿ, ಬೆಳ್ದದ್ದೇ. ಚಿಪ್ಪು ದೊಡ್ಡದದೆ, ಒಳಗೆ ಎಂತದೂ ಇಲ್ಲ. ಹೋದ ವರ್ಷದಿಂದ ಹಿಂಗೇ." ಹೊನ್ನಮ್ಮ ಇನ್ನೊಂದು ಸೌಟು ಬಡಿಸಿದಳು. "ಪೇಟೆಯವ್ರು ತಕಣೂಕೆ ಕೇಳೂದಿಲ್ಲ. ನಾವೆಲ್ಲ ಈಗ ಮೂಡಣ ಕವಲಿಗೆ ಹೋಗ್ತೇವೆ. ಅಲ್ಲಿ ಕುತ್ಗೆ ಮಟ್ಟ ನೀರು."

"ಎಂತಕೆ ಹಿಂಗಾಯ್ತು ಹೇಳಿ ಗೊತ್ತನಾ?"

"ಮೇಲೆ ಮರಳು ತೆಗೀತ್ರು, ಅದ್ಕೇ ಹೇಳಿ ಕೆಲವ್ರು ಹೇಳ್ತ್ರು. ಬಿಸಿಲು ಜಾಸ್ತಿ ಹೇಳಿ ಕೆಲವ್ರು. ಯಾರಿಗ್ ಗೊತ್ತು?"

ದೇವಿದಾಸ ತಲೆ ಎತ್ತದೆ ಉಣ್ಣುತ್ತಿದ್ದ. "ಬೆಳಚು ಇಲ್ದಿದ್ರೆ ಬೇರೆ ಎಂತಾದ್ರೂ ತಿನ್ನೂಕಾಗ್ತದೆ," ಎಂದ. "ಕಾಡಿಲ್ದಿದ್ರೆ ತಿನ್ನೂಕೆ ನಾವೇ ಇರೂದಿಲ್ಲ."

ಅವನ ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ. ಅಕ್ಕಿಗಿಂತ ಉಪ್ಪು ಕಡಿಮೆ ಬೇಕು ಎಂಬಷ್ಟು ಸಹಜವಾಗಿ ಹೇಳಿದ್ದ.

ಮರುದಿನ ಇಳಿತದಲ್ಲಿ ಸುಲಕ್ಷಣಾ ಒಬ್ಬಳೇ ಕಾಡಿನೊಳಗೆ ಹೋದಳು. ಕೇಂದ್ರದ ಪರದೆಯ ಮೇಲೆ ಅವಳು ಆ ಕಾಡನ್ನು ದಿನವೂ ನೋಡುತ್ತಿದ್ದಳು. ಎತ್ತರ, ದಪ್ಪ, ಎಲೆಯ ಹಸಿರು, ಎಲ್ಲವೂ ಅಲ್ಲಿ ಬರುತ್ತಿತ್ತು. ಆದರೆ ಕಾಲಿಟ್ಟು ವರ್ಷವೇ ಆಗಿತ್ತು. ಜೇಡನ ಕಾಲುಗಳಂತೆ ಬಾಗಿ ಇಳಿದ ಬೇರುಗಳ ನಡುವೆ ಜಾಗ ಹುಡುಕಿ ನಡೆಯುತ್ತಿದ್ದಾಗ ಅವಳಿಗೆ ಏನೋ ಇಲ್ಲ ಎನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಸದ್ದೇ ಇರಲಿಲ್ಲ. ಕಾಂಡ್ಲಾ ಕಾಡಿನಲ್ಲಿ ಇಳಿತದ ಹೊತ್ತಿಗೆ ನೆಲವೆಲ್ಲ ಚಿಟಚಿಟ ಎನ್ನುತ್ತಿರಬೇಕು. ಏಡಿಗಳು ಬಿಲದಿಂದ ಬಿಲಕ್ಕೆ ಓಡಬೇಕು, ಬಕ ಕೂತಿರಬೇಕು, ಕೆಸರು ಗುಳುಗುಳು ಎನ್ನಬೇಕು. ಇಲ್ಲಿ ಅಂಥದ್ದೇನೂ ಕೇಳಲಿಲ್ಲ. ನೆಲದ ಮೇಲೆ ಉದುರಿದ ಎಲೆಗಳು ಒಂದರ ಮೇಲೊಂದು ಹಾಗೆಯೇ ಬಿದ್ದಿದ್ದವು, ಹಳದಿ ಬಣ್ಣವೂ ಮಾಸದೆ. ಒಂದನ್ನೂ ಯಾರೂ ಕಚ್ಚಿರಲಿಲ್ಲ. ಕೆಸರಿನಲ್ಲಿ ಒಂದು ಬಿಲ ಕಾಣಲಿಲ್ಲ.

ಅವಳು ಬಗ್ಗಿ ಒಂದು ಎಳೆಗಿಡದ ಬುಡ ಹಿಡಿದು ಎಳೆದಳು. ಸುಲಭಕ್ಕೆ ಬರಲಾರದೆಂದು ಕಾಲು ಊರಿಕೊಂಡಿದ್ದಳು. ಗಿಡ ಚಾಪೆ ಸುತ್ತಿದಂತೆ ಸುತ್ತಲಿನ ಕೆಸರಿನ ಸಮೇತ ಎದ್ದು ಬಂತು. ಬೇರುಗಳೆಲ್ಲ ಮೇಲ್ಮೈಯಲ್ಲೇ ಅಡ್ಡಡ್ಡ ಹೆಣೆದುಕೊಂಡಿದ್ದವು. ಒಂದೂ ಕೆಳಗೆ ಇಳಿದಿರಲಿಲ್ಲ.

ಅವಳು ಆ ಗಿಡವನ್ನು ಮತ್ತೆ ಊರಿಟ್ಟು, ಉದುರಿದ ಎಲೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೇಂದ್ರಕ್ಕೆ ಹೋದಳು.

ಕೇಂದ್ರದ ಮುಖ್ಯಸ್ಥೆ ವಿಲ್ಮಾ ರೆಬೆಲ್ಲೋ ನಿವೃತ್ತಿಯ ಹತ್ತಿರವಿದ್ದ ಹೆಂಗಸು. ಲೇಪವನ್ನು ಕಂಡುಹಿಡಿದವರೂ ಅವರೇ. ಸುಲಕ್ಷಣಾ ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು. ಹೊಳೆಯ ಇನ್ನೊಂದು ದಡದ ಹಳೇ ಕಾಂಡ್ಲಾ ಮರಗಳ ಬುಡದಿಂದ ಏಡಿ ಹಿಡಿದು ತರಿಸಿದರು. ಒಂದು ತೊಟ್ಟಿಯಲ್ಲಿ ಹಳೇ ಮರದ ಎಲೆ, ಇನ್ನೊಂದರಲ್ಲಿ ಹೊಸ ಕಾಡಿನ ಎಲೆ ಹಾಕಿ ಏಡಿಗಳನ್ನು ಬಿಟ್ಟರು. ಹಳೇ ಎಲೆ ಬೆಳಗಾಗುವುದರೊಳಗೆ ನರವಷ್ಟೇ ಉಳಿದು ಬಲೆಯಂತಾಗಿತ್ತು. ಹೊಸದನ್ನು ಏಡಿಗಳು ಇಕ್ಕುಳದಂಥ ಮುಂಗಾಲಲ್ಲಿ ಎತ್ತಿ, ಬಾಯಿಗೆ ಮುಟ್ಟಿಸಿ, ಪಕ್ಕಕ್ಕಿಟ್ಟಿದ್ದವು.

ವಿಲ್ಮಾ ಆ ಎಲೆಯ ತುಣುಕನ್ನು ತಾವೇ ಬಾಯಿಗೆ ಹಾಕಿ ಅಗಿದು ಮುಖ ಕಿವುಚಿದರು. "ಒಗರು. ಹಸಿ ಗೇರುಕಾಯಿಗಿಂತ ಒಗರು. ಜೀವಾಣು ಗಿಡಕ್ಕೆ ಕಬ್ಬಿಣ ತುಂಬಿಸ್ತಾ ಇದೆ. ಹೆಚ್ಚಾದದ್ದನ್ನ ಗಿಡ ಎಲೆಗೆ ತಳ್ತಾ ಇದೆ. ಇದನ್ನ ನಾನು ಅಳೆದೇ ಇರಲಿಲ್ಲ."

"ಬೇರು ಕೆಳಗೆ ಹೋಗದ್ದೂ ಅದಕ್ಕೇನಾ ಮೇಡಂ?"

"ಊಟ ಮೇಲೆಯೇ ಸಿಗುವಾಗ ಕೆಳಗೆ ಯಾಕೆ ಇಳೀತದೆ? ಏಡಿ ಬಿಲ ತೋಡಿದ್ರೆ ಕೆಸರಿಗೆ ಗಾಳಿ ಹೋಗ್ತದೆ, ಆಗ ಬೇರು ಆಳಕ್ಕೆ ಇಳೀಬಹುದು. ಏಡಿ ಬರ್ಲಿಕ್ಕೆ ತಿನ್ನುವ ಎಲೆ ಬೇಕು."

ಉಳಿದದ್ದನ್ನು ಸುಲಕ್ಷಣಾ ತಾನೇ ಕೂಡಿಸಿಕೊಂಡಳು. ಏಡಿ ತಿಂದು ಬಿಟ್ಟ ಎಲೆ ಕೊಳೆತು ಹಿಟ್ಟಾಗಿ ಇಳಿತದೊಂದಿಗೆ ಹೊಳೆಗೆ ಹರಿದರೆ ಅದೇ ಬೆಳಚಿನ ಊಟ. ಈ ಕಾಡು ನದಿ ತರುವ ಸಾರವನ್ನು ತನ್ನ ಬುಡದಲ್ಲಿ ಹಿಡಿದಿಟ್ಟುಕೊಂಡು, ತಿರುಗಿ ಏನನ್ನೂ ಕೊಡುತ್ತಿರಲಿಲ್ಲ.

"ಮಿಡಿತ ನಿಲ್ಸಿದ್ರೆ?"

"ಎಲೆ ಉದುರ್ತದೆ. ವರ್ಷೊಪ್ಪತ್ತು ಗಿಡ ಸತ್ತ ಹಾಗೆ ಕಾಣ್ತದೆ. ಕೆಲವು ಸತ್ತೇ ಹೋಗ್ತಾವೆ. ಉಳಿದವು ಹಸಿವಿಗೆ ಬೇರು ಕೆಳಗೆ ಬಿಡ್ತಾವೆ ಅಂತ ನನ್ನ ಅಂದಾಜು." ವಿಲ್ಮಾ ಕಿಟಕಿಯಾಚೆ ನೋಡಿದರು. "ಅಂದಾಜು ಮಾತ್ರ, ಸುಲಕ್ಷಣಾ. ಆ ವರ್ಷದಲ್ಲೇ ಗಾಳಿ ಬಂದ್ರೆ ನಾವು ಏನು ಉತ್ತರ ಕೊಡೋದು? ಕುರ್ವೆಯವರು ಒಪ್ಪದೆ ನಾನು ಮುಟ್ಟುವುದಿಲ್ಲ. ಮುಟ್ಟಬಾರದು ಕೂಡ."

ಮನೆಯಲ್ಲಿ ಅವಳು ಮೂರು ಸಲ ಮಾತು ತೆಗೆದಳು. ಮೊದಲೆರಡು ಸಲ ದೇವಿದಾಸ ಏನೋ ಕೆಲಸವೆಂದು ಎದ್ದು ಹೋದ. ಮೂರನೆಯ ಸಲ ದೋಣಿಗೆ ಎಣ್ಣೆ ಸವರುತ್ತಿದ್ದವನು ಕೈ ನಿಲ್ಲಿಸಿ ಕೇಳಿದ.

"ನಮ್ಮವ್ವಿ ಹೆಂಗೆ ಹೋಯ್ತು ಹೇಳಿ ನಿಂಗೆ ಅಕ್ಕ ಹೇಳಿದ್ಯಾ?"

"ನೀರಲ್ಲಿ ಹೇಳಿ ಅಷ್ಟೇ."

"ನಾವಿಬ್ರೂ ಮನೆ ಮಾಡಿನ ಮೇಲಿದ್ವು. ನಾ ಅವ್ವಿ ಕೈ ಹಿಡ್ಕಂಡಿದ್ದೆ. ನೀರಲ್ಲಿ ಬಂದ ಒಂದು ತೆಂಗಿನ ಮರ ಮಾಡಿಗೆ ಬಡೀತು. ಆಮೇಲೆ ಕೈ ಇರ್ಲಿಲ್ಲ." ಅವನು ಮತ್ತೆ ಎಣ್ಣೆ ಸವರತೊಡಗಿದ. "ಎದ್ರಿಗೆ ಆ ಗಿಡ ಕಂಡ್ರೆ ನಂಗೆ ನಿದ್ದೆ ಬತ್ತದೆ. ಅದನ್ನ ಸಾಯ್ಸೂಕೆ ಕೇಳ್ಬೇಡ."

ಸುಲಕ್ಷಣಾ ಅವನ ಬಳಿ ಕೂತಳು. ಬೇರಿನ ಚಾಪೆ ಹೇಗೆ ಎದ್ದು ಬಂತೆಂದು ಹೇಳಿದಳು. ಇನ್ನೊಂದು ದೊಡ್ಡ ನೀರು ಬಂದರೆ ಇಡೀ ಕಾಡೇ ಎದ್ದು ಮನೆಗಳ ಮೇಲೆ ಬರಬಹುದೆಂದಳು. ಅವನು ಕೇಳಿಸಿಕೊಂಡ. ನಂಬಿದನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಕುರ್ವೆಯ ಸಭೆ ಮೀನು ಒಣಗಿಸುವ ಅಂಗಳದಲ್ಲಿ ಸೇರಿತು. ಊರ ಸಮಿತಿಯ ಹಿರಿಯ ಸಾತಪ್ಪ ಬಡಗಣ ಕೇರಿಯವನು. ದೊಡ್ಡ ನೀರಿನಲ್ಲಿ ಅವನ ಕೇರಿಗೇ ಹೆಚ್ಚು ಪೆಟ್ಟು ಬಿದ್ದಿತ್ತು. ಸುಲಕ್ಷಣಾ ತೊಟ್ಟಿಯ ಎರಡು ಎಲೆಗಳನ್ನೂ ತೋರಿಸಿ ಎಲ್ಲ ಹೇಳಿದಳು. ಹೆಂಗಸರು ಎಲೆಗಳನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಗಂಡಸರು ಕಾಡಿನ ಕಡೆ ನೋಡಿದರು.

"ನೀ ಸುಳ್ಳು ಹೇಳ್ತೆ ಹೇಳಿ ಅಲ್ಲ ಮಗಾ," ಎಂದ ಸಾತಪ್ಪ. "ಆದ್ರೆ ನಾಳೆ ಗಟ್ಟಿಯಾಗ್ತದೆ ಹೇಳಿ ಇವತ್ತು ಇದ್ದ ಗೋಡೆ ಯಾರಾದ್ರೂ ತೆಗೀತ್ರಾ? ನಮ್ಮ ಬದಿದು ಮುಟ್ಟೂದು ಬೇಡ."

ಹೌದೆಂದು ಅನೇಕರು ತಲೆಯಾಡಿಸಿದರು. ಹೊನ್ನಮ್ಮನ ಜೊತೆಗಾತಿಯರೂ ಎಲೆಗಳನ್ನು ಹಿಂದಿರುಗಿಸಿದರು. ಅವರ ಮನೆಗಳೂ ಆ ಕಾಡಿನ ಹಿಂದೆಯೇ ಇದ್ದವು.

ಆಗ ಸುಲಕ್ಷಣಾ, ತಾನು ಹಾಗೆ ಹೇಳುತ್ತೇನೆಂದು ತನಗೇ ತಿಳಿಯದೆ, "ಹಂಗಾದ್ರೆ ತೆಂಕಣ ತುದಿದು ಮಾತ್ರ ನಿಲ್ಸಿ. ಅದರ ಹಿಂದೆ ಇರೂದು ನಮ್ಮದೊಂದೇ ಮನೆ," ಎಂದಳು.

ಎಲ್ಲರೂ ದೇವಿದಾಸನನ್ನು ನೋಡಿದರು. ಅವನು ಎದ್ದು ನಿಂತ, ಹೆಗಲ ಮೇಲಿನ ಟವೆಲು ಕೊಡವಿದ, ತಾರಿಗೆ ಹೊತ್ತಾಯಿತೆಂದು ಹೊರಟುಹೋದ. ಬೇಡ ಎನ್ನಲಿಲ್ಲ. ಸಮಿತಿ ಅದನ್ನೇ ಒಪ್ಪಿಗೆ ಎಂದುಕೊಂಡಿತು.

ನಿಯಂತ್ರಣ ಕೋಣೆಯಲ್ಲಿ ತೆಂಕಣ ಪಟ್ಟಿಯ ಮಿಡಿತ ನಿಲ್ಲಿಸುವಾಗ ಅವಳಿಗೆ ನೆನಪಾದದ್ದು ಗಂಡನ ನಿದ್ದೆ. ಪರದೆಯ ಮೇಲೆ ಒಂದು ಗೆರೆ ಮಟ್ಟಸವಾಯಿತು, ಅಷ್ಟೇ. ಕೆಳಗೆ ಕಾಡು ಎಂದಿನಂತೆಯೇ ಇತ್ತು.

ಆಮೇಲಿನ ದಿನಗಳಲ್ಲಿ ದೇವಿದಾಸ ಅವಳೊಂದಿಗೆ ಬೇಕಾದಷ್ಟೇ ಮಾತಾಡಿದ. ತಾರಿಯಲ್ಲಿ ಎಲ್ಲರಿಗೂ ಕೈ ಕೊಟ್ಟು ಹತ್ತಿಸುವಂತೆ ಅವಳಿಗೂ ಕೈ ಕೊಡುತ್ತಿದ್ದ. ತೆಂಕಣ ಪಟ್ಟಿಯ ಗಿಡಗಳು ಮೊದಲು ಹಳದಿಯಾದವು, ಆಮೇಲೆ ಎಲೆ ಕಳಚಿ, ತುದಿ ಒಣಗಿ ಮುರಿದು ಬೋಳಾದವು. ಮನೆಯ ಜಗಲಿಯಿಂದ ಮತ್ತೆ ಕಡಲು ಕಾಣತೊಡಗಿತು. ದಾರಿಯಲ್ಲಿ ಸಿಕ್ಕವರು ಕಾಡಿನ ಮಾತನ್ನೇ ಎತ್ತುತ್ತಿರಲಿಲ್ಲ. ಸಾವಿನ ಮನೆಯವರೊಂದಿಗೆ ಮಾತಾಡುವಂತೆ ಮಳೆ, ಮೀನು ಎಂದು ಕೇಳಿ ಮುಂದೆ ಹೋಗುತ್ತಿದ್ದರು.

ಒಂದು ಸಂಜೆ ಅವಳು ಕೇಂದ್ರದಿಂದ ಬರುವಾಗ ಪಟ್ಟಿಯೊಳಗೆ ಯಾರೋ ಅಗೆಯುತ್ತಿರುವುದು ಕಂಡಿತು. ದೇವಿದಾಸ. ಮೊಣಕಾಲವರೆಗೆ ಕೆಸರಲ್ಲಿ ನಿಂತು ಗುದ್ದಲಿಯಿಂದ ಗಿಡಗಳ ನಡುವೆ ಸಣ್ಣ ಕಾಲುವೆ ಬಿಡಿಸುತ್ತಿದ್ದ. ಹಿಂದೆ ಹೊನ್ನಮ್ಮ ಕೆಸರೆತ್ತಿ ಬದಿಗೆ ಹಾಕುತ್ತಿದ್ದಳು.

"ಎಂತ ಮಾಡ್ತಿದ್ರಿ?" ಎಂದಳು.

"ಏಡಿ ಬಿಲ ತೋಡ್ಬೇಕು ಹೇಳಿದ್ಯಲ್ಲ, ಗಾಳಿ ಹೋಗೂಕೆ," ಎಂದ ಅವನು ತಿರುಗದೆ. "ಅದು ಬರೂವರೆಗೆ ನಾವು ತೋಡ್ವ. ನೀರು ಒಳಗೆ ಬಂದು ಹೋಗ್ಲಿ."

ಅವಳು ಚಪ್ಪಲಿ ಬಿಟ್ಟು ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದಳು. ಆ ಬೇಸಿಗೆಯೆಲ್ಲ ಇಳಿತದ ಹೊತ್ತು ಅವರು ಮೂವರೂ ಅಲ್ಲೇ ಇರುತ್ತಿದ್ದರು. ಕೆಲವು ಗಿಡ ನಿಜಕ್ಕೂ ಸತ್ತವು. ಮಳೆಗಾಲ ಹಿಡಿದ ಮೇಲೆ ಉಳಿದವುಗಳ ತುದಿಯಲ್ಲಿ ಚಿಗುರು ಕಂಡಿತು, ಮೊದಲಿನಂತೆ ಮಿಂಚುವ ಕಡುಹಸಿರಲ್ಲ, ಮಾಸಲು ಹಸಿರು. ಆಷಾಢದ ಒಂದು ಮುಂಜಾನೆ ಹೊನ್ನಮ್ಮ ಅಂಗೈ ಮೇಲೆ ಒಂದು ಎಲೆ ಇಟ್ಟುಕೊಂಡು ಅಡುಗೆಮನೆಗೆ ಬಂದಳು. ಅದರ ಅಂಚನ್ನು ಏನೋ ಗರಗಸದಂತೆ ಕಚ್ಚಿ ಹೋಗಿತ್ತು. ಸುಲಕ್ಷಣಾ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಒಲೆಯ ಮೇಲಿದ್ದ ಚಹಾ ಉಕ್ಕಿ ಚೆಲ್ಲಿದ್ದು ಯಾರಿಗೂ ಗೊತ್ತಾಗಲಿಲ್ಲ.

ದೀಪಾವಳಿ ಕಳೆದ ವಾರದಲ್ಲಿ ಗಾಳಿಯ ಸುದ್ದಿ ಬಂತು. ಈ ಸಲ ಎಚ್ಚರಿಕೆ ಮೊದಲೇ ಸಿಕ್ಕಿತ್ತು. ದೇವಿದಾಸ ಬೆಳಗಿನಿಂದ ತಾರಿ ನಿಲ್ಲಿಸದೆ ಜನರನ್ನು, ದನಗಳನ್ನು ಗುಡ್ಡದ ಬದಿಗೆ ದಾಟಿಸಿದ. ಕೊನೆಯ ಸುತ್ತಿನಲ್ಲಿ ಸಾತಪ್ಪನನ್ನು ಕೈಹಿಡಿದು ಕರೆತಂದ. ಸಾತಪ್ಪ ಬಣ್ಣದ ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ತಾಯತದಂತೆ ಕೊರಳಿಗೆ ಹಾಕಿಕೊಂಡಿದ್ದ.

ಮಧ್ಯಾಹ್ನ ಕಳೆದು ಗಾಳಿ ಜೋರಾಯಿತು. ಜನರೆಲ್ಲ ಕೇಂದ್ರದ ಕೆಳಗಿನ ಹಜಾರದಲ್ಲಿದ್ದರು. ನಿಯಂತ್ರಣ ಕೋಣೆಯಲ್ಲಿ ಸುಲಕ್ಷಣಾ, ವಿಲ್ಮಾ, ಬಾಗಿಲ ಬಳಿ ದೇವಿದಾಸ. ಕಿಟಕಿಯಲ್ಲಿ ಮಳೆ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಪರದೆಯ ಮೇಲೆ ಮಾತ್ರ ಕೆಸರಿನಲ್ಲಿ ಹುಗಿದ ತಂತಿಗಳು ಸುದ್ದಿ ಕಳಿಸುತ್ತಿದ್ದವು. ಮಿಡಿತ ನಿಲ್ಲಿಸಿದ ತೆಂಕಣ ಪಟ್ಟಿಯಲ್ಲೂ ತಂತಿಗೆ ಕಟ್ಟಿದ ಅಳತೆಯ ಉಪಕರಣಗಳು ಕೆಲಸ ಮಾಡುತ್ತಿದ್ದವು.

ಮೊದಲ ದೊಡ್ಡ ಅಲೆಗೆ ಬಡಗಣ ಕಾಡು ತಡೆದು ನಿಂತಿತು. ವಿಲ್ಮಾ ಉಸಿರು ಬಿಟ್ಟರು. ಎರಡನೆಯದಕ್ಕೂ ನಿಂತಿತು. ಆಮೇಲೆ ಪರದೆಯ ಮೇಲಿನ ಗೆರೆಗಳು ಒಂದೊಂದಾಗಿ ಅಲ್ಲ, ಸಾಲು ಸಾಲಾಗಿ ಆರಿದವು. ಕಂಬಳಿಯ ತುದಿ ಹಿಡಿದು ಯಾರೋ ಎಳೆದ ಹಾಗೆ. ತಂತಿಗಳ ಸಮೇತ ಕಾಡಿನ ನೆಲವೇ ಎದ್ದಿತ್ತು.

"ಬಡಗಣ ಕೇರಿ," ಎಂದ ದೇವಿದಾಸ. ಆಮೇಲೆ ಕೇಳಿದ, "ನಮ್ದು?"

ತೆಂಕಣ ಪಟ್ಟಿಯ ಗೆರೆಗಳು ನಡುಗುತ್ತಿದ್ದವು. ಕೆಲವು ಆರಿದವು. ಹೆಚ್ಚಿನವು ಆರಲಿಲ್ಲ. ನೀರು ಅವುಗಳ ತಲೆ ದಾಟಿ ಹೋಗುವುದನ್ನು, ಇಳಿದು ಬರುವುದನ್ನು, ಮತ್ತೆ ದಾಟುವುದನ್ನು ಸುಲಕ್ಷಣಾ ಅಂಕಿಗಳಲ್ಲಿ ನೋಡುತ್ತ ಕೂತಳು. "ನಿಂತಾವೆ," ಎಂದಳು. "ಕುಳ್ಳಗಾದ್ರೂ ನಿಂತಾವೆ." ದೇವಿದಾಸ ಅವಳ ಕುರ್ಚಿಯ ಹಿಂದೆ ಬಂದು ನಿಂತು ಎರಡೂ ಕೈಗಳನ್ನು ಅವಳ ಹೆಗಲ ಮೇಲಿಟ್ಟ. ಗಾಳಿ ಇಳಿಯುವವರೆಗೆ ತೆಗೆಯಲಿಲ್ಲ.

ಮರುದಿನ ಕುರ್ವೆಗೆ ಮರಳಿದಾಗ ಕಂಡದ್ದನ್ನು ನೋಡಿ ಯಾರೂ ಗೆದ್ದೆವೆನ್ನುವ ಹಾಗಿರಲಿಲ್ಲ. ಎತ್ತರದ ಕಾಡು ಬಡಗಣ ಕೇರಿಯ ಮನೆಗಳ ಮೇಲೆ ಚಾಪೆ ಚಾಪೆಯಾಗಿ ಬಿದ್ದಿತ್ತು. ಮನೆಗಳು ಹೋಗಿದ್ದವು. ಜನ ಒಬ್ಬರೂ ಹೋಗಿರಲಿಲ್ಲ. ದೇವಿದಾಸನ ಮನೆಯೊಳಗೆ ಸೊಂಟದ ಮಟ್ಟ ನೀರು ಬಂದು ಹೋಗಿತ್ತು, ಅಡುಗೆಮನೆಯ ಗೋಡೆ ಕುಸಿದಿತ್ತು, ಅತ್ತೆಯ ಫೋಟೋ ಕೂಡ ಹೊಳೆಪಾಲಾಗಿತ್ತು. ಆದರೆ ಮನೆ ನಿಂತಿತ್ತು. ಎದುರಿಗೆ ಕೆಸರು ಮೆತ್ತಿಕೊಂಡ ಗಿಡಗಳು ಬಾಗಿ ನಿಂತಿದ್ದವು.

ಸಾತಪ್ಪ ತನ್ನ ಮನೆ ಇದ್ದ ಜಾಗವನ್ನು ಒಂದು ಸುತ್ತು ಹಾಕಿ ಬಂದ. ಸುಲಕ್ಷಣಾಳಿಗೆ ಅವನ ಮುಖ ನೋಡಲಾಗಲಿಲ್ಲ. "ಆವತ್ತು ನಾ ಇನ್ನೂ ಗಟ್ಟಿಯಾಗಿ ಹೇಳ್ಬೇಕಿತ್ತು," ಎಂದಳು.

"ಹೇಳಿದ್ರೂ ನಾವು ಕೇಳ್ತಿರ್ಲಿಲ್ಲ," ಎಂದ ಅವನು. "ಆ ಎತ್ತರ ಕಂಡ ಮೇಲೆ ಯಾರು ಕೇಳ್ತ್ರು?"

ಆ ಚಳಿಗಾಲ ಬಡಗಣ ಕೇರಿಯ ಮೂರು ಸಂಸಾರ ಅವರ ಮನೆಯಲ್ಲೇ ಉಳಿದವು. ಕುಸಿದ ಗೋಡೆಯ ಜಾಗಕ್ಕೆ ತೆಂಗಿನ ತಟ್ಟಿ ಕಟ್ಟಿ ಹೊನ್ನಮ್ಮ ಎಲ್ಲರಿಗೂ ಗಂಜಿ ಬೇಯಿಸಿದಳು. ಕುರ್ವೆಯಲ್ಲಿ ಅಲ್ಲಲ್ಲಿ ಉಳಿದಿದ್ದ ಕಾಡಿಗೂ ಮಿಡಿತ ನಿಲ್ಲಿಸಿ ಎಂದು ಸಭೆ ಹೇಳಿತು. ವಿಲ್ಮಾ ನಿವೃತ್ತಿಯನ್ನು ಮುಂದೂಡಿದರು. ಬೇರೆ ಅಳಿವೆಗಳಲ್ಲಿ ಇದೇ ಲೇಪ ಬಳಿದವರಿಗೆಲ್ಲ ಒಬ್ಬೊಬ್ಬರಿಗಾಗಿ ತಾವೇ ಫೋನು ಮಾಡಿ, ಎಲೆ ಅಗಿದು ನೋಡಿ ಎಂದು ಹೇಳುತ್ತಿದ್ದರು.

ಬೇಸಿಗೆ ಮುಗಿಯುವ ಹೊತ್ತಿಗೆ ತೆಂಕಣ ಗಿಡಗಳಲ್ಲಿ ಮೊದಲ ಸಲ ಕೋಡು ಇಳಿದವು. ಲೇಪವಿಲ್ಲದೆ, ತಂತಿಯಿಲ್ಲದೆ ನೆಡುವುದಕ್ಕೆ ಕುರ್ವೆಯ ಜನವೆಲ್ಲ ಬಡಗಣ ಅಂಚಿಗೆ ಬಂದರು. ಸುಲಕ್ಷಣಾ ಮತ್ತು ದೇವಿದಾಸ ಒಂದೇ ಸಾಲಿನಲ್ಲಿ ಅಕ್ಕಪಕ್ಕ ನೆಡುತ್ತ ಹೋದರು. ಏರಿಬರುವ ಭರತದ ನೀರು ಪಾದಕ್ಕೆ ತಾಗತೊಡಗಿತ್ತು.

"ಇವು ಮರ ಆಗೂ ಹೊತ್ತಿಗೆ ನಾನು ತಾರಿ ನಡೆಸೂಕೆ ಆಗದ ಮುದುಕ," ಎಂದ ದೇವಿದಾಸ.

"ನಡೂಕೆ ಬೇಜಾರಾ?"

ಅವನು ಸೊಂಟ ನೆಟ್ಟಗೆ ಮಾಡಿ, ಕೆಸರಿನ ಮೇಲೆ ಕಡ್ಡಿಗಳಂತೆ ಎದ್ದು ನಿಂತ ಕೋಡುಗಳ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದ. ಅವುಗಳಾಚೆ ಕಡಲು ಯಾವ ಮರೆಯೂ ಇಲ್ಲದೆ, ತೆರೆದು ಕಾಣುತ್ತಿತ್ತು.

"ಇಲ್ಲ," ಎಂದ. "ನಿದ್ದೆ ಬತ್ತದೆ." ಬಗ್ಗಿ ಮುಂದಿನ ಕೋಡನ್ನು ಊರಿ, ಹೆಬ್ಬೆರಳಿನಿಂದ ಸುತ್ತಲೂ ಕೆಸರು ಒತ್ತಿದ.